ಹಿರ್ಯು ಹಡಗಿನ ಖಂಡೇನವಮಿ

ಮನುಷ್ಯನಿಗೆ ಯಾವುದಾದರೂ ಒಂದು ಹುಚ್ಚು ಇರಬೇಕು ಎಂದು ಹೇಳುವವರ ಬಗ್ಗೆ ನನಗೆ ಬಹಳ ಗೌರವ. ಅಂಥವರು ನಮ್ಮ ಮನೆಯಲ್ಲಿ ಒಬ್ಬರೂ ಇಲ್ಲ ಎಂಬುದೇ ನನ್ನ ತೊಂದರೆ. ನನ್ನ ಹುಚ್ಚಾದರೂ ಎಂಥದು? ಕುಡಿತವಲ್ಲ, ಇಸ್ಪೀಟಲ್ಲ, ಯಾರ ಮನೆಯ ಗೋಡೆ ಹಾರುವುದೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಓಡಾಡಿದ ವಿಮಾನವಾಹಕ ಹಡಗುಗಳನ್ನು ಪ್ಲಾಸ್ಟಿಕ್ ತುಂಡುಗಳಿಂದ, ಮೂಲಕ್ಕಿಂತ ಏಳುನೂರು ಪಟ್ಟು ಚಿಕ್ಕದಾಗಿ, ಅಳತೆ ತಪ್ಪದಂತೆ ಜೋಡಿಸುವುದು. ಅದೂ ಮಹಾರಾಷ್ಟ್ರದ ಗಡಿಯೊಳಗಿನ ಜತ್ತ ತಾಲೂಕಿನ ಶೇಗಾಂವದಲ್ಲಿ, ಅಪ್ಪನ ಹಾರ್ಡ್‌ವೇರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು. ಸಮುದ್ರಕ್ಕೂ ನಮಗೂ ನಡುವೆ ಇಡೀ ಸಹ್ಯಾದ್ರಿ ಅಡ್ಡ ನಿಂತಿದೆ. ನಮ್ಮೂರಲ್ಲಿ ಒಟ್ಟಿಗೆ ಹೆಚ್ಚು ನೀರು ಕಾಣಬೇಕಾದರೆ ಟ್ಯಾಂಕರಿನ ಮುಚ್ಚಳ ತೆಗೆದು ಇಣುಕಬೇಕು. ಇದನ್ನೆಲ್ಲ ಹೇಳುವಾಗ ನಾನು ತಲೆ ತಗ್ಗಿಸಿದ್ದೇನೆಂದು ತಿಳಿಯಬೇಡಿ. ಎತ್ತಿಕೊಂಡೇ ಹೇಳುತ್ತಿದ್ದೇನೆ.

ಊರಿನಲ್ಲಿ ನನಗೆ ಇನ್ನೊಂದು ಖ್ಯಾತಿಯೂ ಇದೆ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಹಾಗೆಯೇ ಆಡಿ ತೋರಿಸುತ್ತೇನೆ. ಬಸ್ಸಿನ ಕಂಡಕ್ಟರು ಪಕ್ಕದೂರಿನ ಹೆಸರನ್ನು ಮೂಗಿನಲ್ಲಿ ‘ಮುಚ್ಚಂಡಿ, ಮುಚ್ಚಂಡೀ’ ಎಂದು ರಾಗ ಎಳೆಯುವುದು, ಬೋರಿನ ಮೋಟರು ಸುಡುವ ಮುಂಚೆ ಮುದುಕನ ಹಾಗೆ ಕೆಮ್ಮುವುದು, ನಮ್ಮಪ್ಪ ಗಿರಾಕಿಯ ಮುಂದೆ ಒಂದು ಥರ ಮತ್ತು ನನ್ನ ಮುಂದೆ ಒಂದು ಥರ ಗಂಟಲು ಸರಿಮಾಡಿಕೊಳ್ಳುವುದು, ಎಲ್ಲ ನನ್ನ ಬಾಯಲ್ಲಿವೆ. ನನ್ನ ದನಿಯನ್ನೂ ಬಿಟ್ಟಿಲ್ಲ. ಸಿಟ್ಟು ಬಂದಾಗ ಅದು ಒದ್ದೆ ಪೀಪಿಯ ಹಾಗೆ ಕೀರಲಾಗುತ್ತದೆ ಎಂದು ಮೊದಲು ಕಂಡುಹಿಡಿದವನು ನಾನೇ. ಅಣಕಕ್ಕೆ ಜೀವ ಬರುವುದು ಸಣ್ಣ ಸಂಗತಿ ಸರಿಯಾಗಿ ಕೂತಾಗ. ಹಡಗಿಗೂ ಅಷ್ಟೇ. ಗೋಪುರ ಎಡಕ್ಕಿದ್ದರೆ ಎಡಕ್ಕೇ ಇರಬೇಕು.

ಈ ಗೋಪುರದ ಮಾತು ಸುಮ್ಮನೆ ಬಂದದ್ದಲ್ಲ. ನನಗೆ ಬೇಕಾಗಿದ್ದದ್ದು ಜಪಾನಿನವರ ಹಿರ್ಯು ಎಂಬ ಹಡಗು. ಹಡಗು ನಡೆಸುವವರು ನಿಲ್ಲುವ ಗೋಪುರ ಪ್ರಪಂಚದ ಬಹುಪಾಲು ವಿಮಾನವಾಹಕಗಳಲ್ಲಿ ಬಲಗಡೆ ಇರುತ್ತದೆ. ಹಿರ್ಯುವಿನದು ಎಡಗಡೆ. ಹಟಮಾರಿ ಹಡಗು, ಅದಕ್ಕೇ ನನಗೆ ಹಿಡಿಸಿತು. ಸಾಂಗಲಿಯ ಆಟಿಕೆ ಅಂಗಡಿಯೊಂದರಲ್ಲಿ ಕೇಳಿದರೆ ಅವನು ಚಾವಿ ಕೊಟ್ಟರೆ ಹಾಡು ಹೇಳುವ ದೋಣಿಯೊಂದನ್ನು ತೆಗೆದು, “ಹೀ ಘ್ಯಾ, ಚಾಂಗಲೀ ಆಹೇ” ಎಂದ, ಇದನ್ನೇ ತಗೊಳ್ಳಿ, ಚೆನ್ನಾಗಿದೆ ಎಂದು. ಜಾಲತಾಣದಲ್ಲಿ ಹುಡುಕಿ ತರಿಸಿದ ಮೊದಲ ಕಿಟ್‌ನಲ್ಲಿ ಗೋಪುರ ಬಲಗಡೆ ಇತ್ತು. ಎರಡನೆಯದರಲ್ಲಿ ಗೋಪುರ ಸರಿಯಿತ್ತು, ವಿಮಾನಗಳು ಬೇರೆ ಯಾವುದೋ ದೇಶದವು. ಮೂರನೆಯದು ಎಲ್ಲ ರೀತಿಯಿಂದ ಸರಿಯಾದದ್ದು, ಆದರೆ ಬರಲೇ ಇಲ್ಲ. ಮಹಾರಾಷ್ಟ್ರದಲ್ಲಿ ಶೇಗಾಂವ ಎಂದರೆ ಜನಕ್ಕೆ ಗೊತ್ತಿರುವುದು ವಿದರ್ಭದ ಇನ್ನೊಂದು ಶೇಗಾಂವ, ದೊಡ್ಡ ಯಾತ್ರಾಸ್ಥಳ. ಪಿನ್‌ಕೋಡು ಎಂಬುದೊಂದು ಇದೆ, ನಿಜ. ಆದರೆ ಭಕ್ತಿಯ ಮುಂದೆ ಪಿನ್‌ಕೋಡು ಯಾವ ಲೆಕ್ಕ? ನನ್ನ ಹಡಗು ಅಲ್ಲಿಗೆ ಹೋಗಿ, ಭಕ್ತಾದಿಗಳ ನಡುವೆ ಕೆಲ ದಿನ ತಂಗಿ, ಆಮೇಲೆ ನಮ್ಮೂರ ದಾರಿ ಹಿಡಿಯಿತು. ಅವ್ವ ಆ ಪೆಟ್ಟಿಗೆಯನ್ನು ಎರಡೂ ಕೈಯಿಂದ ಇಸಿದುಕೊಂಡಳು. “ಯಾತ್ರಾ ಮಾಡ್ಕೊಂಡು ಬಂದೈತಿ, ನೆಲದ ಮ್ಯಾಲ ಇಡಬ್ಯಾಡೋ ಸಿದ್ಯಾ,” ಎಂದಳು. ಆಗ ನಾನು ನಕ್ಕುಬಿಟ್ಟೆ.

ಅಪ್ಪನಿಗೆ ಮಾತ್ರ ಪೆಟ್ಟಿಗೆ ತೆರೆದ ದಿನವೇ ಅನುಮಾನ ಹತ್ತಿತು. ಹಡಗಿನ ಒಡಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಪೈಪಿನ ವ್ಯಾಪಾರದಲ್ಲಿ ಕೂದಲು ನೆರೆಸಿಕೊಂಡವನು ಅವನು, ಯಾವುದನ್ನೇ ಆಗಲಿ ಮೊದಲು ಬುಡದಿಂದ ನೋಡುತ್ತಾನೆ.

“ಇದಕ್ಕ ತಳಾನ ಇಲ್ಲಲೋ!”

“ಅಪ್ಪಾ, ಅದು ಹಂಗ ಇರತೈತಿ. ನೀರಿನ ಮ್ಯಾಲ ಕಾಣೂ ಭಾಗ ಅಷ್ಟ ಮಾಡ್ತಾರ.”

“ನೀರೊಳಗಿನ ಭಾಗ?”

“ಅದು ನೀರೊಳಗ ಇರತೈತಿ ಅಂತ ತಿಳ್ಕೋಬೇಕು.”

“ಯಾವ ನೀರೊಳಗ?” ಎಂದು ಅಪ್ಪ ಕೋಣೆಯ ಸುತ್ತ ಒಮ್ಮೆ ಕಣ್ಣಾಡಿಸಿದ. “ಅರ್ಧಾ ಮಾಲು ಕಳಿಸ್ಯಾರ, ಇಂವ ತಿಳ್ಕೋತಾನಂತ. ಗಿರಾಕಿಗೆ ನಾ ಅರ್ಧಾ ನಳಾ ಕೊಟ್ಟು ಉಳದದ್ದು ತಿಳ್ಕೋರಿ ಅಂದ್ರ ನಡೀತೈತೇನು?”

ಇಷ್ಟರಲ್ಲಿ ಕುರಿಹಟ್ಟಿಯ ಬೇಲಿಗೆ ತಂತಿ ಕೊಳ್ಳಲು ಬಂದಿದ್ದ ಬೀರಪ್ಪ ಮಾಮಾ ಹಡಗಿನ ಮೇಲೆ ವಿಮಾನ ಇಳಿಯುವ ಚಪ್ಪಟೆ ಹಾಸನ್ನು ಬಹಳ ಹೊತ್ತು ನೋಡಿ, “ಇದರ ಮ್ಯಾಲ ಎಷ್ಟ ಕುರಿ ನಿಂದರತಾವೋ ತಮ್ಮಾ?” ಎಂದು ಕೇಳಿದ. ಕೆಲವರು ನಗಬಹುದು. ನಾನು ಕೂತು ಲೆಕ್ಕ ಹಾಕಿ, ಮೂಲ ಹಡಗಿನಲ್ಲಾದರೆ ಅವನ ಹಟ್ಟಿಯೆಲ್ಲ ಹಿಡಿದು ಇನ್ನೂ ಜಾಗ ಉಳಿಯುತ್ತದೆ ಎಂದು ಹೇಳಿದೆ. ಬೀರಪ್ಪ ಮಾಮಾನಿಗೆ ಹಡಗಿನ ಮೇಲೆ ಗೌರವ ಬಂತು. ಹಡಗನ್ನು ಹಡಗಾಗಿ ಕಂಡು ಅದರ ಅಳತೆ ಕೇಳಿದವನು ಊರಲ್ಲಿ ಅವನೊಬ್ಬನೇ. ಹೋಗುವ ಮುಂಚೆ ಅಪ್ಪ ಅವನಿಗೆ ಹಡಗಿನ ಮುಂದಿನ ಕಥೆಯನ್ನೂ ನನ್ನಿಂದಲೇ ಹೇಳಿಸಿದ, ಯುದ್ಧದಲ್ಲಿ ಬಾಂಬು ಬಿದ್ದು ಅದು ಮುಳುಗಿತು ಎಂದು. “ನೋಡೋ ಬೀರಪ್ಪಾ,” ಎಂದ ಅಪ್ಪ, “ಮುಳುಗಿದ್ದನ್ನ ಹುಡಿಕ್ಯಾಡಿ ತಂದು ಮತ್ತ ಕಟ್ಟಾಕತ್ಯಾನ ನನ್ನ ಮಗಾ.”

ಆಮೇಲಿನ ತಿಂಗಳುಗಳಲ್ಲಿ ನಾನು ಗಿರಾಕಿಗೆ ಮೊಳೆ ತೂಗಿಕೊಡುವುದನ್ನು ಬಿಟ್ಟರೆ ಉಳಿದದ್ದೆಲ್ಲ ಹಡಗಿಗೇ. ಹುಣಸೆಬೀಜದಷ್ಟು ದೊಡ್ಡ ವಿಮಾನಗಳಿಗೆ ಗಾಲಿ ಅಂಟಿಸಿದೆ. ಹಡಗಿನ ಅಂಚಿಗೆ ಕೂದಲಿಗಿಂತ ತೆಳ್ಳಗಿನ ಹಿತ್ತಾಳೆಯ ಕಟಕಟೆ ಬಗ್ಗಿಸಿದೆ. ಬಗ್ಗಿಸುವಾಗ ಉಸಿರು ಬಿಟ್ಟರೆ ಅದು ಹಾರಿಹೋಗುತ್ತದೆ, ಬಿಡದಿದ್ದರೆ ನಾನು. ಹಿರ್ಯುವಿನ ಹಾಸಿನ ಮುಂಭಾಗದಲ್ಲಿ ಜಪಾನಿನ ಗುರುತಾಗಿ ಒಂದು ದೊಡ್ಡ ಕೆಂಪು ವೃತ್ತವಿದೆ. ಅದರ ಸುತ್ತ ಬಿಳಿ ಅಂಚು ಇತ್ತೋ ಇಲ್ಲವೋ ಎಂದು ಪ್ರಪಂಚದ ಹಡಗುಹುಚ್ಚರೆಲ್ಲ ಜಾಲತಾಣಗಳಲ್ಲಿ ಒಬ್ಬರ ಮುಖ ಒಬ್ಬರು ನೋಡದಂತೆ ಜಗಳಾಡಿದ್ದಾರೆ. ಆ ಜಗಳವನ್ನೆಲ್ಲ ಓದಿ, ನಾನೂ ಇಬ್ಬರೊಂದಿಗೆ ಮಾತು ಬಿಟ್ಟು, ಅಂಚಿಲ್ಲದ ವೃತ್ತವನ್ನೇ ಅಂಟಿಸಿದೆ. ಅಪ್ಪ ಇದೆಲ್ಲ ನೋಡಿ ನೋಡಿ ಒಂದು ದಿನ ಕರಾರು ಹಾಕಿದ. ದಸರೆ ಮುಗಿದ ಮೇಲೆ ಸಾಂಗಲಿಯಲ್ಲಿ ಇಂಥ ಹುಚ್ಚರ ಪ್ರದರ್ಶನವೊಂದಿತ್ತು. “ಅಲ್ಲಿ ಶಾಣ್ಯಾರು ಇರ್ತಾರಲ್ಲ, ಅವರು ಬರೋಬರಿ ಐತಿ ಅಂತ ಇನಾಮಿನ ಬಿಲ್ಲಾ ಕೊಟ್ರ ಇದನ್ನ ಅಂಗಡ್ಯಾಗ ಗಾಜಿನ ಕಪಾಟಿನ್ಯಾಗ ಇಡೂಣು. ಕೊಡಲಿಲ್ಲ ಅಂದ್ರ ಮುಚ್ಚಂಡ್ಯಾಗಿನ ನಿಮ್ಮಕ್ಕನ ಮಕ್ಕಳಿಗೆ ಆಡಾಕ ಕೊಟ್ಟು ಈ ಉದ್ಯೋಗ ಬಂದ್ ಮಾಡಬೇಕು. ಒಪ್ಪಿಗಿ?” ಒಪ್ಪಿದೆ. ಅಕ್ಕನ ಮಕ್ಕಳು ಟ್ರ್ಯಾಕ್ಟರಿನ ಸೀಟು ಕಿತ್ತವರು. ಅವರ ಕೈಗೆ ಸಿಕ್ಕರೆ ಹಿರ್ಯು ಎರಡನೆಯ ಸಲ ಮುಳುಗುವುದು ಖಂಡಿತ.

ನಡುವೆ ಖಂಡೇನವಮಿ ಬಂತು. ಅಂದು ನಮ್ಮ ಮನೆಯಲ್ಲಿ ಕಬ್ಬಿಣವಿರುವುದು, ಗಾಲಿಯಿರುವುದು, ಹರಿತವಿರುವುದು ಯಾವುದೂ ಪೂಜೆಯಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ತಕ್ಕಡಿ, ಪೈಪು ಕೊಯ್ಯುವ ಗರಗಸ, ಅಪ್ಪನ ಮೋಟರ್ ಸೈಕಲ್ಲು, ಅವ್ವನ ಈಳಿಗೆ, ಕೆಟ್ಟು ಕೂತ ಮಿಕ್ಸರು, ಎಲ್ಲವೂ ಮೈತೊಳೆದುಕೊಂಡು ಸಾಲಾಗಿ ಕುಳಿತು ವಿಭೂತಿ ಹಚ್ಚಿಸಿಕೊಳ್ಳುತ್ತವೆ. ನಾನು ಅಂಗಡಿಯ ಪೂಜೆಗೆ ಚೆಂಡುಹೂವು ತರಲು ಹೋಗಿದ್ದೆ. ಬಂದು ನೋಡಿದರೆ ಈಳಿಗೆಗೂ ಮಿಕ್ಸರಿಗೂ ನಡುವೆ ನನ್ನ ಹಿರ್ಯು. ಹಾಸಿನ ಮೇಲೆ, ಕೆಂಪು ವೃತ್ತದ ಹಿಂದೆಯೇ, ಈ ಅಂಚಿನಿಂದ ಆ ಅಂಚಿಗೆ ಅವ್ವನ ಮೂರು ಬೆರಳಿನ ದಪ್ಪ ವಿಭೂತಿ. ಗೋಪುರಕ್ಕೆ ಒಂದು ಚೆಂಡುಹೂವು. ಎರಡು ವಿಮಾನ ಕಾಣಲಿಲ್ಲ. ಆಮೇಲೆ ಅವು ಊದಿನಕಡ್ಡಿಯ ಬೂದಿಯಲ್ಲಿ ಪತ್ತೆಯಾದವು.

“ಅವ್ವಾ! ಏನ ಮಾಡಿದಿ ಇದು!” ಒದ್ದೆ ಪೀಪಿಯ ದನಿ ತಾನಾಗಿಯೇ ಬಂತು.

“ಮತ್ತೇನೋ? ಕುಂಕುಮ ಎಷ್ಟ ಚಂದ ದುಂಡಗ ಹಚ್ಚಿದ್ದಿ, ವಿಭೂತಿ ಮರತಿದ್ದಿ. ನಾ ಹಚ್ಚೀನಿ.”

“ಅದು ಕುಂಕುಮ ಅಲ್ಲವ್ವಾ, ಜಪಾನದವರ ಗುರುತು. ಯುದ್ಧದ ಹಡಗದು!”

“ಯುದ್ಧದ್ದಂದ್ರ ಆಯುಧಾನ ಆತಲ್ಲ. ಖಂಡೇನವಮಿ ದಿನಾ ಆಯುಧ ಬಿಡಲೇನು?” ಅವ್ವ ಮಿಕ್ಸರಿನ ಕಡೆ ತಿರುಗಿದಳು. “ಮುಳುಗಿತ್ತು ಅಂದಿದ್ದಿ ಅಲ್ಲ ನೀ? ಪೂಜಿ ಇಲ್ಲದ ನೀರಿಗೆ ಬಿಟ್ಟಿರಬೇಕು ಅವರು.”

ಒದ್ದೆ ಹತ್ತಿಯಿಂದ ಒರೆಸಲು ಹೋದೆ. ಹೊಳಪಿಲ್ಲದ ಬಣ್ಣದೊಳಗೆ ವಿಭೂತಿ ಚೆನ್ನಾಗಿ ಇಳಿದು ಕೂತಿತ್ತು. ಉಜ್ಜಿದರೆ ಹಾಸಿನ ಮರದ ಬಣ್ಣವೇ ಎದ್ದು ಬರತೊಡಗಿತು. ಕೆಂಪು ವೃತ್ತದ ಒಂದು ಬದಿ ಸುರುಳಿಯಾಗಲು ನೋಡಿತು. ಕೈ ತೆಗೆದೆ. ಇನ್ನೊಮ್ಮೆ ಬಣ್ಣ ಹಚ್ಚಿ ಒಣಗಿಸಲು ಸಮಯವಿರಲಿಲ್ಲ. ಅವ್ವನ ಮೇಲೆ ಸಿಟ್ಟು ಮಾಡಿಕೊಂಡು ಊಟ ಬಿಡೋಣವೆಂದರೆ ಅಂದು ಹೋಳಿಗೆ. ಸಿಟ್ಟಿನಿಂದಲೇ ಉಂಡೆ.

ಸಾಂಗಲಿಯ ಶಾಲೆಯೊಂದರ ಸಭಾಂಗಣದಲ್ಲಿ ಮೇಜುಗಳ ಮೇಲೆ ಹಡಗು, ವಿಮಾನ, ಟ್ಯಾಂಕುಗಳು ಸಾಲಾಗಿ ನಿಂತಿದ್ದವು. ಪರೀಕ್ಷೆ ಮಾಡುವವರು ಒಬ್ಬ ನಿವೃತ್ತ ಎಂಜಿನಿಯರ್ ಸಾಹೇಬರು. ಕೈಯಲ್ಲಿ ಭೂತಗನ್ನಡಿ, ಮೂಗಿನ ತುದಿಗೆ ಕನ್ನಡಕ, ಪ್ರತಿ ಮಾತಿಗೂ ಮುಂಚೆ ‘ಹಂ’ ಎಂಬ ಒಂದು ಸಣ್ಣ ಗುಡುಗು. ನನ್ನ ಹಡಗಿನ ಮುಂದೆ ಬಂದು ಗೋಪುರ ನೋಡಿ ತಲೆಯಾಡಿಸಿದರು. ಕಟಕಟೆ ನೋಡಿ ತಲೆಯಾಡಿಸಿದರು. ವೃತ್ತಕ್ಕೆ ಅಂಚಿಲ್ಲದ್ದನ್ನು ನೋಡಿ ನನ್ನ ಭುಜ ತಟ್ಟಿದರು. ಬಿಲ್ಲೆ ಅವರ ಅಂಗಿಯ ಜೇಬಿನಲ್ಲಿ ನನಗೆ ಕಾಣುತ್ತಿತ್ತು. ಆಮೇಲೆ ಭೂತಗನ್ನಡಿ ಹಿಂದಕ್ಕೆ ಸರಿದು ಮೂರು ಬಿಳಿ ಪಟ್ಟೆಗಳ ಮೇಲೆ ನಿಂತಿತು. ಸುತ್ತ ಜನ ಸೇರಿದರು. ಮಾತೆಲ್ಲ ಮರಾಠಿಯಲ್ಲಿ. ಒಬ್ಬ, ಇವು ಇಳಿಯುವ ವಿಮಾನಕ್ಕೆ ದಾರಿ ತೋರುವ ಗೆರೆಗಳು ಎಂದ. ಇನ್ನೊಬ್ಬ, ಅಲ್ಲ, ಯುದ್ಧದ ಕೊನೆಯ ದಿನಗಳಲ್ಲಿ ಇಂಥ ಗುರುತು ಇತ್ತು, ನಾನು ಚಿತ್ರ ನೋಡಿದ್ದೇನೆ ಎಂದು ಎದೆ ತಟ್ಟಿಕೊಂಡ. ಸಾಹೇಬರು ನನ್ನ ಕಡೆ ತಿರುಗಿ, “ಹಂ. ಯಾವ ಆಧಾರ?” ಎಂದು ಕೇಳಿದರು.

ಒಂದು ‘ಹೌದು’ ಸಾಕಾಗಿತ್ತು. ಚಿತ್ರ ನೋಡಿದವನು ಸಾಕ್ಷಿ ಹೇಳಲು ತುದಿಗಾಲಲ್ಲಿ ನಿಂತಿದ್ದ. ಆದರೆ ಅವನು ನೋಡಿರದ ಚಿತ್ರದ ಬಗ್ಗೆ ಅಷ್ಟು ಧೈರ್ಯವಾಗಿ ಮಾತಾಡುವುದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ಗೋಪುರಕ್ಕಾಗಿ ಒಂದು, ವಿಮಾನಕ್ಕಾಗಿ ಇನ್ನೊಂದು ಕಿಟ್ ಬದಿಗೆಸೆದವನು ನಾನು, ಅಂಚಿಗಾಗಿ ಜಗಳಾಡಿದವನು ನಾನು. ಬಿಲ್ಲೆಗಾಗಿ ನಮ್ಮವ್ವನ ಬೆರಳನ್ನು ಜಪಾನಿನ ನೌಕಾಪಡೆಗೆ ಸೇರಿಸಲೇ?

“ವಿಭೂತಿ ಆಹೇ,” ಎಂದೆ. “ಖಂಡೇನವಮಿಗೆ ನಮ್ಮ ತಾಯಿ ಹಚ್ಚಿದ್ದು. ನಮ್ಮ ಮನೆಯಲ್ಲಿ ಎಲ್ಲ ವಾಹನಕ್ಕೂ ಹಚ್ಚುತ್ತಾರೆ. ಹಡಗಿನ ಉಳಿದ ಸಂಗತಿಯೆಲ್ಲ ನಾನು ಓದಿ ತಿಳಿದದ್ದು ಸಾಹೇಬರೇ, ತಪ್ಪಿರಬಹುದು. ಇದೊಂದು ಮಾತ್ರ ಕಣ್ಣಾರೆ ಕಂಡದ್ದು.”

ಸಭಾಂಗಣ ನಕ್ಕಿತು. ಸಾಹೇಬರು ‘ಹಂ’ ಎಂದು ಗುಡುಗಿ, ಹಡಗು ಒಳ್ಳೆಯದಿದೆ, ಪಟ್ಟೆ ತಪ್ಪಿದೆ, ತೆಗೆದು ತಂದರೆ ನೋಡೋಣ ಎಂದು ಮುಂದಿನ ಮೇಜಿಗೆ ಹೋದರು. ಬಿಲ್ಲೆ ಒಂದು ಟ್ಯಾಂಕಿಗೆ ಹೋಯಿತು. ಚಿತ್ರ ನೋಡಿದವನು ಚಹಾ ಕುಡಿಯುವಾಗ ನನಗೆ ಬೆನ್ನು ತಿರುಗಿಸಿ ನಿಂತಿದ್ದ.

ಮನೆಗೆ ಬಂದಾಗ ಅಪ್ಪ ಮುಚ್ಚಂಡಿಗೆ ಕಳಿಸಲು ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನು ಆಗಲೇ ತೆಗೆದಿಟ್ಟಿದ್ದ. ನನ್ನ ಮೇಲೆ ಅವನಿಗೆ ಅಷ್ಟು ಭರವಸೆ. “ಏನ ತಪ್ಪಂದ್ರು?” ಎಂದು ಕೇಳಿದ. ನಾನು ಹೇಳಲಿಲ್ಲ, ಆಡಿ ತೋರಿಸಿದೆ. ಇಲ್ಲದ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ‘ಹಂ’ ಎಂದು ಗುಡುಗಿ, ‘ಹಡಗು ಒಳ್ಳೆಯದಿದೆ, ಪಟ್ಟೆ ತಪ್ಪಿದೆ’ ಎಂದೆ. ಹಡಗನ್ನು ಏಳುನೂರು ಪಟ್ಟು ಚಿಕ್ಕದು ಮಾಡಿದವನು ಸಾಹೇಬರ ಮೂಗನ್ನು ಮಾತ್ರ ತುಸು ದೊಡ್ಡದು ಮಾಡಿದೆ ಎಂದಿಟ್ಟುಕೊಳ್ಳಿ. ಅಪ್ಪ ಗಂಟಲು ಸರಿಮಾಡಿಕೊಂಡ, ಅದೂ ನಾನು ಹಿಂದೆಂದೂ ಕೇಳದ ಮೂರನೆಯ ಥರದಲ್ಲಿ.

“ವಿಭೂತಿ ತಪ್ಪು ಅಂದಾ?”

“ತಗದು ತರ್ರಿ ಅಂದ್ರು.”

“ನಮ್ಮ ಮನ್ಯಾಗ ಕಟ್ಟಿದ ಹಡಗಕ್ಕ ವಿಭೂತಿ ತಗೀಬೇಕಂತ? ಅಂವಗ ಏನ ತಿಳೀತೈತಿ ಹಡಗದಾಗ! ತಳಾ ಇಲ್ಲದ್ದನ್ನ ಒಂದ ಮಾತ ಕೇಳಲಿಲ್ಲ, ವಿಭೂತಿ ಕೇಳಿದ್ನಂತ!” ಅಪ್ಪ ಗಾಜಿನ ಕಪಾಟಿನಿಂದ ನಲ್ಲಿಗಳನ್ನೆಲ್ಲ ಹೊರಗೆ ತೆಗೆದು ಹಿರ್ಯುವನ್ನು ನಡುವೆ ಇಟ್ಟ. ಈಗ ಗಿರಾಕಿಗಳಿಗೆ ಅದರ ಕಥೆ ಹೇಳುವವನೂ ಅವನೇ. ಆ ಕಥೆಯಲ್ಲಿ ಹಡಗು ಮುಳುಗುವುದಿಲ್ಲ.

ಹೀಗೆ ನನ್ನ ಉದ್ಯೋಗ ಬಂದ್ ಆಗಲಿಲ್ಲ. ಮುಂದಿನ ಖಂಡೇನವಮಿಗೆ ಎರಡನೆಯ ಹಡಗು ತಯಾರಿತ್ತು. ನಾನೇ ಅದನ್ನು ಅವ್ವನ ಮುಂದೆ, ಮಿಕ್ಸರಿಗೂ ಮೊದಲು, ತಂದಿಟ್ಟೆ. ಸಾಂಗಲಿಯವರು ನಗಲಿ, ಪ್ರಪಂಚದ ಹಡಗುಹುಚ್ಚರೆಲ್ಲ ನನ್ನೊಂದಿಗೆ ಮಾತು ಬಿಡಲಿ, ನಮ್ಮ ಮನೆಯಿಂದ ಹೊರಡುವ ಹಡಗು ಹೀಗೆಯೇ ಹೊರಡುವುದು. ಅವ್ವ ಬೆರಳು ಅದ್ದಿ ಮೂರು ಗೆರೆ ಎಳೆದಳು. ನಾನು ಬಗ್ಗಿ ನೋಡಿದೆ. ಕಪಾಟಿನಲ್ಲಿರುವ ಹಿರ್ಯುವಿನ ನಡುವಿನ ಗೆರೆ ಬಲತುದಿಯಲ್ಲಿ ಕೂದಲೆಳೆಯಷ್ಟು ಮೇಲಕ್ಕೆ ಹೋಗುತ್ತದೆ. ಇದರಲ್ಲಿ ನೆಟ್ಟಗಿತ್ತು.

“ಅವ್ವಾ, ನಡುವಿಂದು ಬರೋಬರಿ ಬಂದಿಲ್ಲ. ಹೋದ ಸಲದ ಹಂಗ ಇಲ್ಲ. ಒರಸಿ ಇನ್ನೊಮ್ಮೆ ಹಚ್ಚು.”

ಅವ್ವ ನನ್ನನ್ನು ನೋಡಿದಳು, ನನ್ನ ಕೈಯಲ್ಲಿದ್ದ ಅಳತೆಪಟ್ಟಿಯನ್ನು ನೋಡಿದಳು. ಬೆರಳಲ್ಲಿ ಉಳಿದಿದ್ದ ವಿಭೂತಿಯನ್ನು ಈ ಕಿವಿಯಿಂದ ಆ ಕಿವಿಯವರೆಗೆ ನನ್ನ ಹಣೆಗೆ ಎಳೆದು ಮಿಕ್ಸರಿನ ಕಡೆ ತಿರುಗಿದಳು.