ಡೀಕನ್ನರ ಮರಿಮೊಮ್ಮಗ

ಚರ್ಚಿನ ಗೋಡೆಗೆ ಒರಗಿಕೊಂಡಿದ್ದ ಇಸ್ತ್ರಿ ಅಂಗಡಿಯನ್ನು ಕೆಡವಲು ಶತಮಾನೋತ್ಸವದ ಬೆಳಗ್ಗೆಯೇ ಚರ್ಚ್ ಸಮಿತಿಯ ಕಾರ್ಯದರ್ಶಿಗಳು ಆಳು, ಹಾರೆ ಸಮೇತ ಬಂದುಬಿಟ್ಟರು. ಅತಿಥಿಗಳ ಕಾರು ನಿಲ್ಲಿಸಲು ಜಾಗ ಬೇಕಿತ್ತು. ಇಸ್ತ್ರಿಯವನ ಕೈಯಲ್ಲಿ ಪಾದ್ರಿಗಳ ಬಿಳಿ ನಿಲುವಂಗಿ, ಬಾಯಲ್ಲಿ ಅದಕ್ಕೆ ಚಿಮುಕಿಸುವ ನೀರು. ಗಾಬರಿಯಲ್ಲಿ ನೀರನ್ನು ನುಂಗಿ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಸಾರ್, ನಮ್ಮ ಮುತ್ತಜ್ಜ ಡೀಕನ್ನರು ಓಡಾಡಿದ ಜಾಗ ಸಾರ್ ಇದು!"

ಹಾರೆ ಗಾಳಿಯಲ್ಲೇ ನಿಂತಿತು.

ಬಿಳಿಯ ಪಾದ್ರಿಗಳ ಕಾಲದಲ್ಲಿ ಅವರ ಕೈಕೆಳಗೆ ಸಹಾಯಕ ಪಾದ್ರಿಯಾಗಿದ್ದುಕೊಂಡು, ಬಡವರಿಗೆ ಬಟ್ಟೆ ಹಂಚುತ್ತ, ರೋಗಿಗಳ ಸೇವೆ ಮಾಡುತ್ತಲೇ ತೀರಿಕೊಂಡವರು ಆ ಡೀಕನ್. ಅಂದು ಅವರ ಭಾವಚಿತ್ರದ ಅನಾವರಣವಿತ್ತು. ಮಾತಾಡಲು ಅವರ ವಂಶದವರು ಒಬ್ಬರಾದರೂ ಸಿಗಲಿ ಎಂದು ಕಾರ್ಯದರ್ಶಿಗಳು ಹುಡುಕಿ ಹುಡುಕಿ ಸೋತಿದ್ದರು.

"ಅಯ್ಯೋ, ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ ನೀವು?" ಎಂದರು. ಒಂದು ನಿಮಿಷದ ಹಿಂದಷ್ಟೇ ಅವನನ್ನು 'ಲೋ' ಎಂದು ಕೂಗಿದ್ದರು.

"ಜಂಬ ಕೊಚ್ಕೊಳ್ಳೋ ಅಭ್ಯಾಸ ನಮ್ಮ ಮನೇಲಿ ಇಲ್ಲ ಸಾರ್," ಎಂದ ಇಸ್ತ್ರಿಯವನು. ನಿಜವಾದ ಮುತ್ತಜ್ಜ ಯಾರೆಂಬುದು ಅವನಿಗೂ ಗೊತ್ತಿರಲಿಲ್ಲ.

ಸುದ್ದಿ ಬೀದಿಯಲ್ಲಿ ಹಬ್ಬಿತು. ಮೊದಲು ಓಡಿಬಂದವನು ಪಕ್ಕದ ಬೇಕರಿಯವನು. "ನಮ್ಮದೂ ಅದೇ ಮನೆತನ ಕಣೋ. ಲೆಕ್ಕ ಹಾಕಿದ್ರೆ ನೀನು ನಂಗೆ ಚಿಕ್ಕಪ್ಪ ಆಗ್ಬೇಕು!" ಬೇಕರಿಯವನಿಗೆ ಆಗಲೇ ಮೊಮ್ಮಕ್ಕಳಿದ್ದರು.

"ಹಾಗಾದ್ರೆ ನಾನು ಸೊಸೆ!" ಎಂದಳು ಎದುರುಮನೆಯ ಹೊಲಿಗೆಯಾಕೆ. ಸಭೆ ಶುರುವಾಗುವಷ್ಟರಲ್ಲಿ ಮುಂದಿನ ಬೆಂಚಿನ ಮೇಲೆ ನೆಂಟರು ತಂತಿಗೆ ಹಾಕಿದ ಬಟ್ಟೆಗಳ ಹಾಗೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು.

ಇಸ್ತ್ರಿಯವನು ಮೈಕಿನ ಮುಂದೆ ನಿಂತ. ನಾಲ್ಕು ಜನ ಚಪ್ಪಾಳೆ ತಟ್ಟಿದ್ದೇ ತಡ, ನಾಲಿಗೆ ಹಗ್ಗ ಬಿಚ್ಚಿದ ಕರುವಾಯಿತು. ಡೀಕನ್ನರ ಸಾಧ್ವಿ ಹೆಂಡತಿ, ಏಳು ಮಕ್ಕಳು, ಕಿರಿಯವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವರು ಹಾಡುತ್ತಿದ್ದ ಕೀರ್ತನೆ... ಪಾದ್ರಿಗಳು ಅರ್ಧ ಇಸ್ತ್ರಿಯಾದ ನಿಲುವಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು.

"ನಿಲ್ಲಿಸೋ!"

ಚರ್ಚಿನಲ್ಲಿ ಆರ್ಗನ್ ನುಡಿಸುವ ಅಜ್ಜಿ ಎದ್ದು ನಿಂತಿದ್ದರು. "ಆ ಡೀಕನ್‌ಗೆ ಮದುವೆ ಯಾವಾಗ ಆಯ್ತೋ? ನಮ್ಮಜ್ಜೀನ ಮದುವೆ ಆಗ್ತೀನಿ ಅಂದು, ಆಮೇಲೆ 'ದೇವರ ಸೇವೆಗೆ ಬಾಳು ಮುಡಿಪು, ಬ್ರಹ್ಮಚಾರಿಯಾಗೇ ಇರ್ತೀನಿ' ಅಂತ ಕೈಕೊಟ್ಟ. ಬೇರೆಯವರನ್ನ ಕಟ್ಕೊಂಡ ಮೇಲೂ ಅವಳು ಸಾಯೋವರೆಗೆ ಅವನನ್ನ ಸಂತ ಅಂತಿದ್ಲು. ಈಗ ನೋಡಿದ್ರೆ ಏಳು ಮಕ್ಕಳಂತೆ!"

ಬೇಕರಿಯವನು ಮೆಲ್ಲಗೆ ಎದ್ದ. "ನಾನು ಫ್ಯಾನಿನ ಗಾಳಿಗೆ ಅಂತ ಕೂತಿದ್ದೆ ಅಷ್ಟೆ." ಹೊಲಿಗೆಯಾಕೆಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತು. ಬೆಂಚು ಖಾಲಿಯಾಯಿತು.

ಅಜ್ಜಿಯ ಗಲ್ಲ ನಡುಗುತ್ತಿರುವುದನ್ನು ಕಂಡು ಇಸ್ತ್ರಿಯವನಿಗೆ ಅಂಗಡಿ ಹೋದರೆ ಹೋಗಲಿ ಎನ್ನಿಸಿತು. "ಇಲ್ಲಮ್ಮಾ, ನಾನು ಹೇಳಿದ್ದೆಲ್ಲ ಬರೀ ಸುಳ್ಳು! ಅಂಗಡಿ ಉಳಿಸ್ಕೊಳ್ಳೋಕೆ ಹೇಳ್ದೆ. ಆ ಪುಣ್ಯಾತ್ಮರಿಗೂ ನಂಗೂ ಯಾವ ಸಂಬಂಧಾನೂ ಇಲ್ಲ!"

ಬೆಳಗಿನಿಂದ ಅವನಾಡಿದ ಮೊದಲ ನಿಜ ಅದು. ಪಾದ್ರಿಗಳು ಬಂದು ಅವನನ್ನು ತಬ್ಬಿಕೊಂಡರು.

"ಮುತ್ತಜ್ಜನ ಮಾನ ಮುಚ್ಚೋಕೆ ತುಂಬಿದ ಸಭೇಲಿ ತಾನೇ ಸುಳ್ಳುಗಾರ ಆದ್ಯಲ್ಲಪ್ಪ! ಎಂಥಾ ಮನಸ್ಸು!"

"ಆಣೆಗೂ ಇಲ್ಲ ಸ್ವಾಮಿ!"

"ಆಣೆ ಬೇರೆ ಹಾಕ್ತಿದೆ, ಪಾಪ!" ಎಂದು ಅಜ್ಜಿ ಬಿಕ್ಕಿದರು. "ನಿಂದೇನು ತಪ್ಪು ಮಗಾ?" ಅವನು ಇಲ್ಲ ಎಂದಷ್ಟೂ ಜನ ಮೂಗೊರೆಸಿಕೊಂಡರು.

ಸಮಿತಿ ಕೂಡಲೇ ಸೇರಿತು. ಹೊರಗೆ ಬಂದ ಕಾರ್ಯದರ್ಶಿಗಳ ದನಿ ಬೆಣ್ಣೆಯಂತಿತ್ತು. "ತಪ್ಪು ತಿಳ್ಕೋಬೇಡಿ. ನೀವು ಇಲ್ಲಿದ್ರೆ ಜನಕ್ಕೆ ಆ ಏಳು ಮಕ್ಕಳ ವಿಷಯ ದಿನಾ ನೆನಪಾಗುತ್ತೆ. ಅಂಗಡಿ ತೆಗೆಯೋದೇ ಒಳ್ಳೇದು. ಹಾಂ, ಡೀಕನ್ನರ ಚಿತ್ರಾನೂ ಇನ್ನು ಗೋಡೆ ಮೇಲೆ ಇಡೋ ಹಾಗಿಲ್ಲ. ನಿಮ್ಮ ಮನೆಯವರದ್ದು, ನೀವೇ ತಗೊಂಡು ಹೋಗಿ."

ಸಂಜೆ ಇಸ್ತ್ರಿಯವನು ತಳ್ಳುಗಾಡಿ ತಳ್ಳಿಕೊಂಡು ಮನೆ ಸೇರಿದ. ಗಾಡಿಯಲ್ಲಿ ಮೇಜು, ಇಸ್ತ್ರಿ ಪೆಟ್ಟಿಗೆ, ಆಳೆತ್ತರದ ಚೌಕಟ್ಟಿನೊಳಗೆ ಗಂಭೀರವಾಗಿ ನಿಂತ ಗಡ್ಡದ ಮುದುಕ. ಹೆಂಡತಿ ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇದ್ಯಾರ್ರೀ?"

"ಮುತ್ತಜ್ಜ."

"ಯಾರ ಮುತ್ತಜ್ಜ?"

ಇಸ್ತ್ರಿಯವನು ಬೆವರೊರೆಸಿಕೊಂಡು ಚೌಕಟ್ಟಿನ ಒಂದು ತುದಿ ಹಿಡಿದ. "ಬೆಳಗ್ಗೆ ಊರೋರಿಗೆಲ್ಲ ಆಗಿದ್ದ. ಈಗ ನಮಗೊಬ್ಬರಿಗೆ. ಹಿಡ್ಕೋ ಆ ಕಡೆ, ಭಾರ ಇದೆ."