ಗೋಡೆಯ ಮೇಲಿನ ಗೋಲುಗಳು

ನಮ್ಮ ದೊಡ್ಡತ್ತೆಗೆ ಹುಚ್ಚು ಎಂದು ಶಿಡ್ಲಘಟ್ಟದಲ್ಲಿ ಯಾರಾದರೂ ಹೇಳಿದ್ದರೆ ನೀವು ನಂಬಬಾರದು. ಹುಚ್ಚಿಗೆ ಮದ್ದಿದೆ. ಅವರಿಗೆ ಇದ್ದದ್ದು ಫುಟ್‌ಬಾಲ್!

ದೊಡ್ಡತ್ತೆ ಎಂದರೆ ನಮ್ಮ ಯಜಮಾನರ ಸೋದರತ್ತೆ, ನನ್ನ ಮಾವನವರ ಅಕ್ಕ. ನಾನು ಮದುವೆಯಾಗಿ ಈ ಮನೆಗೆ ಬರುವ ಹೊತ್ತಿಗೇ ಅವರಿಗೆ ಅರವತ್ತರ ಹತ್ತಿರ. ಮಡಿ ಹೆಂಗಸು. ಕೆಂಪು ಸೀರೆ, ಕೈಯಲ್ಲಿ ಜಪಮಾಲೆ, ಏಕಾದಶಿಯ ದಿನ ತೊಟ್ಟು ನೀರೂ ಇಲ್ಲ. ಮೊದಲ ವಾರ ನಾನು ಅವರ ಭಕ್ತಿ ನೋಡಿ ಕೈಮುಗಿದಿದ್ದೇ ಮುಗಿದಿದ್ದು. ಎರಡನೆಯ ವಾರ ಅವರು ಜಪ ನಿಲ್ಲಿಸಿ, ಕಣ್ಣು ಮುಚ್ಚಿಕೊಂಡೇ, "ಆ ಲೆಫ್ಟ್ ಔಟ್‌ನ ತೆಗೆದು ಬಿಸಾಕ್ಬೇಕು" ಎಂದರು. ನಾನು ಅಡುಗೆಮನೆಯಲ್ಲಿ ಏನೋ ಕೆಟ್ಟುಹೋಗಿದೆ ಎಂದುಕೊಂಡು ಮೂರು ಡಬ್ಬಿ ಮೂಸಿ ನೋಡಿದೆ.

ಇದು ಹೇಗೆ ಅಂಟಿತು ಎಂದು ಕೇಳುತ್ತೀರಾ? ಸಂಡಿಗೆಯಿಂದ! ಹತ್ತೊಂಬತ್ತನೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅವರು ಬೆಂಗಳೂರಿನ ತಮ್ಮ ಅಣ್ಣನ ಮನೆ ಸೇರಿದರಂತೆ. ಅಲ್ಲಿ ಅವರಿಗೆ ಸಿಕ್ಕ ಕೆಲಸ ತಾರಸಿಯ ಮೇಲೆ ಕೂತು ಸಂಡಿಗೆ, ಹಪ್ಪಳ ಕಾಯುವುದು. ತಾರಸಿಯ ಪಕ್ಕದಲ್ಲಿ ಒಂದು ಬಯಲು. ಬಯಲಿನಲ್ಲಿ ಒಂದು ಸರ್ಕಾರಿ ಕಾರ್ಖಾನೆಯ ತಂಡದವರು ದಿನವೂ ಫುಟ್‌ಬಾಲ್ ಆಡುತ್ತಿದ್ದರು. ಹದಿನೈದು ವರ್ಷ ದೊಡ್ಡತ್ತೆ ಸಂಡಿಗೆ ಕಾದರು. ಕಾಗೆಗಳ ಪಾಲಿಗೆ ಎಷ್ಟು ಸಂಡಿಗೆ ಹೋಯಿತೋ ದೇವರೇ ಬಲ್ಲ, ಆಫ್‌ಸೈಡ್ ಎಂದರೇನು ಎಂಬುದು ಮಾತ್ರ ಅವರಿಗೆ ಚೆನ್ನಾಗಿ ತಿಳಿಯಿತು. ನಮ್ಮ ಯಜಮಾನರಿಗೆ ಇವತ್ತಿಗೂ ತಿಳಿದಿಲ್ಲ.

ಆಮೇಲೆ ತಮ್ಮನ ಮನೆಗೆಂದು ಶಿಡ್ಲಘಟ್ಟಕ್ಕೆ ಬಂದರೂ ಆ ಕಾರ್ಖಾನೆಯ ತಂಡವನ್ನು ಅವರು ಬಿಡಲಿಲ್ಲ. "ನಮ್ಮೋರು" ಎಂದೇ ಹೇಳುತ್ತಿದ್ದರು. ಆಟಗಾರರು ಬೂಟು ಹಾಕಿಕೊಂಡೇ ಆಡಬೇಕೆಂದು ನಿಯಮ ಬಂದಾಗ ಅವರಿಗಾದ ಸಂಕಟ ಅಷ್ಟಿಷ್ಟಲ್ಲ.

"ಬರಿಗಾಲಲ್ಲಿ ಎಷ್ಟು ಲಕ್ಷಣವಾಗಿ ಆಡ್ತಿದ್ರು! ಈಗ ತೊಗಲು ಮೆಟ್ಕೊಂಡು ದಡದಡ ಅಂತ ಓಡ್ತಾರಂತೆ. ಮಡಿ ಇಲ್ಲ, ಮೈಲಿಗೆ ಇಲ್ಲ!"

"ಚೆಂಡೂ ತೊಗಲಿಂದೇ ಅಲ್ವಾ ಅತ್ತೆ?" ಎಂದೆ ನಾನು.

"ಅದಕ್ಕೇ ಕಣೇ ಅದನ್ನ ಒದೀತಾರೆ! ಕೈಯಲ್ಲಿ ಯಾರಾದ್ರೂ ಮುಟ್ತಾರಾ?"

"ಗೋಲ್‌ಕೀಪರ್ ಮುಟ್ತಾನಲ್ಲ?"

"ಅವನು ಮನೆಗೆ ಹೋಗಿ ಸ್ನಾನ ಮಾಡ್ತಾನೆ ಬಿಡು."

ಇಂಥವರ ಹತ್ತಿರ ವಾದ ಮಾಡಿ ಗೆದ್ದವರುಂಟೇ? ನಾನು ಒಲೆಯ ಮೇಲಿನ ಸಾರು ನೋಡಲು ಎದ್ದೆ. ಪುಣ್ಯಕ್ಕೆ ತಳ ಹತ್ತಿರಲಿಲ್ಲ.

ರಾಜಕೀಯವನ್ನೂ ಅವರು ಅದೇ ತಾರಸಿಯ ಮೇಲಿಂದ ನೋಡುತ್ತಿದ್ದರು. ಆ ಕಾರ್ಖಾನೆ ಶುರುವಾದದ್ದು ಮಹಾರಾಜರ ಕಾಲದ ದಿವಾನರೊಬ್ಬರಿಂದ. ಆದ್ದರಿಂದ ತಂಡ ದಿವಾನರದು. ಆದ್ದರಿಂದ ದಿವಾನರು ದೇವರಂಥವರು! ಕನ್ನಡನಾಡೆಲ್ಲ ಒಂದಾಯಿತು ಎಂದು ಊರಿನಲ್ಲಿ ಸಿಹಿ ಹಂಚಿದ ದಿನ ದೊಡ್ಡತ್ತೆ ಸಿಹಿ ಮುಟ್ಟಲಿಲ್ಲ. "ರಾಜ್ಯ ಎರಡರಷ್ಟಾಯ್ತು ಸರಿ. ಟೀಮಿಗೆ ಇನ್ನೂ ಹನ್ನೊಂದೇ ಜನ ತಾನೆ? ಆ ಕಡೆಯಿಂದ ಬರೋರನ್ನ ಎಲ್ಲಿ ನಿಲ್ಲಿಸ್ತಾರೆ?" ಎಂದು ಕೇಳಿದರು. ಸಿಹಿ ತಂದಿದ್ದ ಎದುರುಮನೆಯ ಮೇಷ್ಟರು ಅದನ್ನು ತಾವೇ ತಿಂದರು.

ಚುನಾವಣೆಯಲ್ಲಿ ವೋಟು ಕೇಳಲು ಬಂದ ಒಬ್ಬ ಮಹಾಶಯರ ಕಥೆ ಇನ್ನೂ ಚೆನ್ನ. ಬಾಗಿಲಲ್ಲಿ ನಿಂತು ಕೈಮುಗಿದರು. ದೊಡ್ಡತ್ತೆ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮದು ಬೂಟೋ, ಬರಿಗಾಲೋ?" ಪಾಪ, ಅವರು ಮಡಿ ಮನೆಯ ಪದ್ಧತಿ ಇರಬೇಕೆಂದು ತಿಳಿದು ಗಾಬರಿಯಿಂದ ಚಪ್ಪಲಿ ಬೀದಿಗೆ ಎಸೆದು, "ಬರಿಗಾಲೇ ತಾಯಿ!" ಎಂದರು. ನಮ್ಮ ಮನೆಯ ಐದು ವೋಟೂ ಅವರಿಗೇ ಬಿದ್ದವು. ಅವರ ಪಕ್ಷ ಯಾವುದೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಇಷ್ಟೆಲ್ಲ ಇದ್ದೂ ದೊಡ್ಡತ್ತೆ ಶಿಡ್ಲಘಟ್ಟಕ್ಕೆ ಬಂದ ಮೇಲೆ ಒಂದು ಆಟವನ್ನೂ ನೋಡಿರಲಿಲ್ಲ. ಬೆಂಗಳೂರಿನ ಲೀಗಿನ ಸುದ್ದಿಯೆಲ್ಲ ಅವರಿಗೆ ಬರುತ್ತಿದ್ದುದು ನಮ್ಮ ಹಿತ್ತಿಲ ಗೋಡೆಯ ಮೇಲೆ!

ಗೋಡೆಯ ಆ ಕಡೆ ಸಾಬರ ಮನೆ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೆಲಸ ಅವರದು. ವಾರಕ್ಕೊಮ್ಮೆ ನೂಲು ಹೊತ್ತು ಸಣ್ಣ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಭಾನುವಾರ ಆಟ ನೋಡಿ, ಸೋಮವಾರ ಹತ್ತೂವರೆಯ ಗಾಡಿಗೆ ಹಿಂದಿರುಗುತ್ತಿದ್ದರು. ಅವರು ದಂಡಿನ, ಎಂದರೆ ಕಂಟೋನ್ಮೆಂಟಿನ, ಕಡೆಯ ಒಂದು ತಂಡದ ಅಭಿಮಾನಿ. ಆ ತಂಡ ನಮ್ಮ ದೊಡ್ಡತ್ತೆಯ ತಂಡಕ್ಕೆ ಬದ್ಧವೈರಿ. ಅದೇ ದೊಡ್ಡತ್ತೆಗೆ ಬೇಕಾಗಿದ್ದದ್ದು. ಪತ್ರಿಕೆಯನ್ನು ಅವರು ನಂಬುತ್ತಿರಲಿಲ್ಲ. "ಎದುರು ಪಾರ್ಟಿಯವನು ಬಾಯಿಬಿಟ್ಟು ಸೋತೆ ಅಂದ್ರೇನೇ ಗೆದ್ದಂಗೆ ಕಣೇ. ಪೇಪರಿನವನಿಗೇನು ಹೊಟ್ಟೆ ಉರಿಯುತ್ತಾ?" ಎನ್ನುತ್ತಿದ್ದರು.

ಆದರೆ ಸೋಮವಾರ ಹತ್ತೂವರೆಗೆ ದೊಡ್ಡತ್ತೆ ಜಪದಲ್ಲಿರುತ್ತಾರೆ, ಮಾತಾಡುವಂತಿಲ್ಲ. ಅದಕ್ಕೆ ಇಬ್ಬರೂ ಒಂದು ಏರ್ಪಾಡು ಮಾಡಿಕೊಂಡಿದ್ದರು. ಸಾಬರು ಬಂದವರೇ ಗೋಡೆಯ ಮೇಲೆ ರೇಷ್ಮೆಗೂಡು ಇಡುವುದು. ಎಡಗಡೆಯವು ನಮ್ಮ ಗೋಲು, ಬಲಗಡೆಯವು ಅವರವು. ದೊಡ್ಡತ್ತೆ ಒಂದು ಕಣ್ಣು ತೆರೆದು ಎಣಿಸಿ ಮತ್ತೆ ಮುಚ್ಚಿಕೊಳ್ಳುವರು. ಸತ್ತ ಹುಳ ಒಳಗಿರುವ ಗೂಡು ಮಡಿಗೆ ಬರುತ್ತದೆಯೇ ಎಂದು ಮಾವನವರು ಒಮ್ಮೆ ತಕರಾರು ತೆಗೆದರು. "ಪಟ್ಟೆಸೀರೆ ಮಡಿಗೆ ಆಗುತ್ತೆ, ಗೂಡು ಆಗಲ್ವಾ? ಮಗಳು ಮಡಿ, ತಾಯಿ ಮೈಲಿಗೇನೋ?" ಎಂದು ದೊಡ್ಡತ್ತೆ ಕೇಳಿದ ಮೇಲೆ ಮಾವನವರು ಸಂಧ್ಯಾವಂದನೆಗೆ ಹೊರಟುಹೋದರು.

ಒಂದು ಸಲ ಅಳಿಲೊಂದು ಎಡಗಡೆಯ ಗೂಡನ್ನು ಎತ್ತಿಕೊಂಡು ಓಡಿಹೋಗಿ ನಾವು ಗೆದ್ದ ಆಟ ಸಮನಾಗಿಬಿಟ್ಟಿತು. ಮಧ್ಯಾಹ್ನ ನಿಜ ತಿಳಿದ ಮೇಲೆ ದೊಡ್ಡತ್ತೆ ಆ ಅಳಿಲನ್ನು ಬೈದ ಬೈಗುಳವನ್ನು ನಾನಿಲ್ಲಿ ಬರೆಯಲಾರೆ. ದೇವರ ದಯೆ, ಅದು ತೆಲುಗಿನಲ್ಲಿತ್ತು.

ಸಾಯಂಕಾಲ ಗೋಡೆಯ ಎರಡೂ ಕಡೆ ನಿಂತು ಆಟದ ವಿಮರ್ಶೆ. ಅವರು ಇವರನ್ನು "ಅಮ್ಮೋರೆ" ಎನ್ನುವರು, ಇವರು ಅವರನ್ನು "ಸಾಬ್ರೇ" ಎನ್ನುವರು. ನಡುವೆ ಸಾಬರ ಮನೆಯ ಒಳಗಿಂದ ಕೆಮ್ಮು ಕೇಳಿಸುತ್ತಿತ್ತು. ಅದು ಸಾಬರ ಅಣ್ಣ. ಯಾವಾಗಲೂ ಹಾಸಿಗೆ ಹಿಡಿದಿದ್ದ ಮನುಷ್ಯ. ನಾವು ಅವರ ಮುಖ ನೋಡಿರಲಿಲ್ಲ, ಕೆಮ್ಮು ಮಾತ್ರ ಗೊತ್ತಿತ್ತು.

ಒಂದು ಸಾಯಂಕಾಲ ಮಾತು ಆಟದಿಂದ ದಿವಾನರ ಕಡೆ ತಿರುಗಿತು.

"ಕಾರ್ಖಾನೆ ಕೊಟ್ರು, ಕರೆಂಟು ಕೊಟ್ರು, ನಿಮ್ಮ ರೇಷ್ಮೆಗೂ ದಾರಿ ಮಾಡಿದ್ರು. ಅಂಥ ದಿವಾನರು ಇನ್ನು ಹುಟ್ಟಲ್ಲ ಸಾಬ್ರೇ."

"ಅರೆ, ಎಲ್ಲ ಕೊಟ್ರು ಅಮ್ಮೋರೆ. ನಮ್ಮಣ್ಣನಿಗೆ ಜೈಲೂ ಕೊಟ್ರು! ಸ್ವಾತಂತ್ರ್ಯ ಬೇಕು ಅಂತ ಬಾವುಟ ಹಿಡ್ಕೊಂಡು ಬೀದೀಲಿ ಹೋಗಿದ್ದಕ್ಕೆ. ಆ ಕೆಮ್ಮು ಕೇಳ್ತೀರಲ್ಲ, ಅದು ಅಲ್ಲಿಂದ ತಂದಿದ್ದು."

ನಮಗೆ ಇದು ಹೊಸ ಸುದ್ದಿ. ನಾನಾಗಿದ್ದರೆ ಅಲ್ಲಿಗೆ ಬಾಯಿ ಮುಚ್ಚುತ್ತಿದ್ದೆ. ದೊಡ್ಡತ್ತೆ ಮುಚ್ಚುವವರೇ?

"ರೆಫರಿ ಇರೋದು ಯಾತಕ್ಕೆ? ಫೌಲು ಮಾಡ್ದೋರನ್ನ ಆಚೆ ಕಳಿಸೋಕೆ. ನಿಮ್ಮಣ್ಣ ಫೌಲು ಮಾಡಿದ್ರು, ಕಳಿಸಿದ್ರು!"

ಸಾಬರು ಗೋಡೆಯ ಮೇಲಿಟ್ಟಿದ್ದ ಕೈ ತೆಗೆದು ಒಳಗೆ ಹೋದರು. ಬಾಗಿಲು ಹಾಕಿಕೊಂಡ ಸದ್ದಾಯಿತು. ಒಳಗೆ ಕೆಮ್ಮು ಶುರುವಾಯಿತು.

ಮುಂದಿನ ಸೋಮವಾರ ಗೋಡೆ ಬರಿದು. ಅದರ ಮುಂದಿನದೂ ಬರಿದು. ದೊಡ್ಡತ್ತೆ ಅನ್ನಕ್ಕೆ ಕೂತರೆ ಎರಡು ತುತ್ತಿಗೆ ಏಳತೊಡಗಿದರು. "ನೀವೇ ಒಂದು ಮಾತು ಹೇಳಿ ಅತ್ತೆ" ಎಂದರೆ, "ನಾನು ಹೇಳಿದ್ದರಲ್ಲಿ ತಪ್ಪೇನಿದೆ?" ಎಂದು ನನ್ನ ಮೇಲೇ ಹರಿಹಾಯ್ದರು.

ನನಗೆ ನೋಡಲಾಗಲಿಲ್ಲ. ಮೂರನೆಯ ಸೋಮವಾರ ಬೆಳಗ್ಗೆ ಸ್ನಾನ ಮುಗಿಸಿ, ಭೋಗನಂದೀಶ್ವರನಲ್ಲಿ ಕ್ಷಮೆ ಕೇಳಿಕೊಂಡು, ಹಿತ್ತಿಲಲ್ಲಿ ಬಿದ್ದಿದ್ದ ಹಳೆಯ ಗೂಡು ನಾಲ್ಕನ್ನು ಆರಿಸಿ ತಂದೆ. ಗೋಡೆಯ ಎಡಗಡೆ ಮೂರು, ಬಲಗಡೆ ಒಂದು! ಉದಾರವಾಗಿಯೇ ಗೆಲ್ಲಿಸಿದೆ. ದೊಡ್ಡತ್ತೆ ಬಂದು ನೋಡಿದರು. ಬಹಳ ಹೊತ್ತು ನೋಡಿದರು.

"ಯಾರು ಇಟ್ಟಿದ್ದೇ?"

"ಇನ್ಯಾರು ಅತ್ತೆ, ಸಾಬ್ರೇ ಇರ್ಬೇಕು."

"ಗಾಡಿ ಬರೋದು ಹತ್ತೂವರೆಗೆ. ನಿನ್ನ ಗೋಲು ಆರು ಗಂಟೆಗೇ ಬಂದು ಕೂತಿದೆಯಲ್ಲೇ! ನಡ್ಕೊಂಡು ಬಂತಾ?"

ನಾನು ಹಾಲು ಉಕ್ಕುತ್ತದೆಂದು ಒಳಗೆ ಓಡಿದೆ. ಹಾಲನ್ನು ಒಲೆಯ ಮೇಲೆ ಇಟ್ಟೇ ಇರಲಿಲ್ಲ.

ಅದರ ಮುಂದಿನ ಭಾನುವಾರ ಲೀಗಿನ ಕೊನೆಯ ಆಟ. ಅವರದೂ ನಮ್ಮದೂ ನೇರಾನೇರ. ಗೆದ್ದವರಿಗೆ ಆ ವರ್ಷದ ಲೀಗು. ದೊಡ್ಡತ್ತೆ ಶನಿವಾರದಿಂದಲೇ ತುಪ್ಪದ ದೀಪ ಹಚ್ಚಿದರು. ಸೋಮವಾರ ಜಪಕ್ಕೆ ಕೂತವರು ಕಣ್ಣು ಮುಚ್ಚಲೇ ಇಲ್ಲ. ಹತ್ತೂವರೆಯ ಗಾಡಿ ಕೂಗಿತು. ಹನ್ನೊಂದಾಯಿತು. ಹನ್ನೆರಡಾಯಿತು. ಗೋಡೆಯ ಮೇಲೆ ಏನೂ ಇಲ್ಲ.

"ಸೋತಿದ್ದಾರೆ!" ಎಂದರು ದೊಡ್ಡತ್ತೆ, ಮುಖವೆಲ್ಲ ಅರಳಿಸಿಕೊಂಡು. "ಗೆದ್ದಿದ್ರೆ ಜಗಳ ಮರೆತು ಬುಟ್ಟಿಗಟ್ಟಲೆ ಇಡ್ತಿದ್ರು. ಸೋತಿರೋದಕ್ಕೇ ಮುಖ ತೋರಿಸ್ತಿಲ್ಲ." ಅವತ್ತು ಹೊಟ್ಟೆ ತುಂಬ ಉಂಡರು, ನನ್ನಿಂದ ಕೇಸರಿಬಾತನ್ನೂ ಮಾಡಿಸಿದರು.

ನನಗೂ ಅವತ್ತು ಒಂದು ನೆಮ್ಮದಿ. ಗೂಡು ಬೇಯಿಸುವ ವಾಸನೆ ದಿನವೂ ನನ್ನ ಪೂಜೆಯ ಹೊತ್ತಿಗೇ ಬಂದು ಮೂಗಿಗೆ ಅಡರುತ್ತಿತ್ತು. ಆ ದಿನ ಇರಲಿಲ್ಲ. ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ಹೂವಿನ ವಾಸನೆ, ಕರ್ಪೂರದ ವಾಸನೆ ಎರಡೂ ಶುದ್ಧವಾಗಿ ಸಿಕ್ಕಿವೆಯಲ್ಲ ಎಂದು ದೇವರಿಗೆ ದಿನಾಲೂ ನಮಸ್ಕಾರ ಹಾಕಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಗುರುವಾರ ಹಾಲಿನವಳು ಬಂದು ಹೇಳಿದಳು. "ಅಯ್ಯೋ, ಮೀಕು ತೆಲೀದಾ, ಗೊತ್ತಿಲ್ವಾ ಅಮ್ಮಾ? ಸಾಬ್ರ ಅಣ್ಣ ಹೋಗ್ಬಿಟ್ರಂತೆ. ಶನಿವಾರವೇ ಚಿಂತಾಮಣಿ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರು. ಭಾನುವಾರ ಸಾಯಂಕಾಲ ಉಸಿರು ನಿಂತಿದೆ. ಅಲ್ಲೇ ಮಣ್ಣು ಮಾಡಿ ನಿನ್ನೆ ರಾತ್ರಿ ಬಂದವ್ರೆ."

ದೊಡ್ಡತ್ತೆ ಅಲ್ಲೇ ನಿಂತಿದ್ದರು. ಒಳಗೆ ಹೋಗಿ ಕೂತುಬಿಟ್ಟರು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಮೂರು ಗಂಟೆಗೆ ಎದ್ದು, ಸೆರಗು ಹೊದ್ದು, ಹಿತ್ತಿಲ ಕಡೆ ಹೋಗದೆ ಬೀದಿ ಬಾಗಿಲ ಕಡೆ ನಡೆದರು.

"ಎಲ್ಲಿಗೆ ಅತ್ತೆ?"

"ಸಾಬ್ರ ಮನೆಗೆ. ನೀನೂ ಬಾ."

ಇಪ್ಪತ್ತು ಹೆಜ್ಜೆಯ ದಾರಿ. ಇಷ್ಟು ವರ್ಷದಲ್ಲಿ ನಮ್ಮ ಮನೆಯವರು ಯಾರೂ ಆ ಬಾಗಿಲು ದಾಟಿರಲಿಲ್ಲ. ಬೀದಿಯವರು ನೋಡುತ್ತಲೇ ಇದ್ದರು. ಸಾಬರು ಜಗುಲಿಯಲ್ಲಿ ತಲೆ ಬಗ್ಗಿಸಿ ಕೂತಿದ್ದವರು ಧಡಕ್ಕನೆ ಎದ್ದು ನಿಂತರು. ಅವರ ಹೆಂಡತಿ ಚಾಪೆ ತಂದು, ಹಾಸಲೋ ಬೇಡವೋ ಎಂದು ಅನುಮಾನಿಸುತ್ತ ನಿಂತರು. ದೊಡ್ಡತ್ತೆ ಅವರ ಕೈಯಿಂದಲೇ ಚಾಪೆ ತೆಗೆದುಕೊಂಡು ಹಾಸಿ ಕೂತರು.

"ಸಾಬ್ರೇ, ಅವತ್ತು ನಾನು ಆಡಿದ ಮಾತು ತಪ್ಪು. ನಿಮ್ಮಣ್ಣ ಏನೂ ತಪ್ಪು ಮಾಡಿರ್ಲಿಲ್ಲ. ದಿವಾನರೇ ತಪ್ಪು ಮಾಡಿದ್ರು."

ಅವರ ಬಾಯಿಂದ ಈ ಮಾತು! ನಾನು ಅವರ ಮುಖವನ್ನೇ ನೋಡಿದೆ.

ಸಾಬರು ಟೋಪಿ ಸರಿಮಾಡಿಕೊಂಡರು. "ಅಣ್ಣ ಆ ಮಾತು ಒಳಗಿಂದ ಕೇಳಿಸ್ಕೊಂಡಿದ್ದ ಅಮ್ಮೋರೆ. ನಕ್ಕ. 'ಆಯಮ್ಮನ ಮೇಲೆ ಯಾಕೆ ಕೋಪ ಮಾಡ್ಕೋತೀಯಾ? ಹೋಗಿ ಮಾತಾಡ್ಸು' ಅಂತ ದಿನಾ ಬೈತಿದ್ದ. ನಾನೇ ಹಟ ಮಾಡ್ದೆ." ಒಳಕೋಣೆಯ ಕಡೆ ಕೈ ತೋರಿಸಿ ಹೇಳಿದರು: "ಅವನೂ ನಿಮ್ಮ ಟೀಮೇ. ಜೈಲಿಗೆ ಹೋಗೋಕೆ ಮುಂಚೇನೂ ಅದೇ, ಬಂದ ಮೇಲೂ ಅದೇ. 'ದಿವಾನ ಯಾರಾದ್ರೂ ಆಗ್ಲಿ, ಆಡೋರು ನಮ್ಮ ಹುಡುಗರು' ಅಂತಿದ್ದ. ಭಾನುವಾರ ಬೆಳಗ್ಗೇನೂ ಆಟಕ್ಕೆ ಹೋಗು ಅಂತ ನನ್ನ ಓಡಿಸೋಕೆ ನೋಡ್ದ."

ದೊಡ್ಡತ್ತೆ ಒಳಕೋಣೆಯ ಬಾಗಿಲ ಕಡೆ ನೋಡುತ್ತಲೇ ಇದ್ದರು. ಅಲ್ಲಿ ಸುತ್ತಿಟ್ಟ ಹಾಸಿಗೆ ಇತ್ತು. ಒಂದು ಗಂಟೆ ಹಾಗೆಯೇ ಕೂತು, ಸಾಬರ ಹೆಂಡತಿಯ ತಲೆ ಸವರಿ, ಎದ್ದು ಬಂದರು.

ಮನೆಗೆ ಬಂದು ಸ್ನಾನ ಮಾಡಿ ಜಗುಲಿಯ ಕಂಬಕ್ಕೆ ಒರಗಿ ಕೂತರು. ಜಪಮಾಲೆ ಮಡಿಲಲ್ಲೇ ಇತ್ತು. ಅವರ ಮನಸ್ಸು ಬೇರೆ ಕಡೆ ತಿರುಗಲಿ ಎಂದು ನಾನು ಹತ್ತಿರ ಕೂತು ಹೇಳಿದೆ: "ಅತ್ತೆ, ಇವರು ಪಾಠ ಮಾಡೋ ಸ್ಕೂಲಿಗೆ ಇಂಗ್ಲಿಷ್ ಪೇಪರ್ ಬರುತ್ತಲ್ಲ. ಯಾರು ಗೆದ್ರು ಅಂತ ನೋಡ್ಕೊಂಡು ಬನ್ನಿ ಅನ್ಲಾ?"

ಅವರು ಅಡ್ಡಡ್ಡ ತಲೆಯಾಡಿಸಿದರು.

"ಬೇಡ ಬಿಡೇ. ನಮ್ಮ ಕಡೆ ಒಬ್ಬರು ಕಮ್ಮಿಯಾದ್ರು."