ತಲೆದೂಗಿದ್ದಕ್ಕೆ ಪರಿಹಾರವಿಲ್ಲ

ಚೆನ್ನಾದ ಮಾತು ಕಿವಿಗೆ ಬಿದ್ದೊಡನೆ ತಲೆದೂಗುವುದು, ಹಳೆಯ ಗದ್ಯಗ್ರಂಥಗಳ ಸಹವಾಸದಿಂದ ನನಗೆ ಅಂಟಿದ ಚಟ. ಭಗವಂತನು ಕೊರಳಿನ ಮೇಲೆ ತಲೆಯನ್ನಿಟ್ಟದ್ದೇ ಈ ಉದ್ದೇಶಕ್ಕೆಂದು ನಾನು ಬಹುಕಾಲ ನಂಬಿದ್ದೆ. (ನನ್ನ ಧರ್ಮಪತ್ನಿಯ ಪ್ರಕಾರ ಹೆಲ್ಮೆಟ್ಟು ಹಾಕುವುದಕ್ಕೆ.)

ಶಾಲಾ ಸಮವಸ್ತ್ರಗಳನ್ನು ಹೊಲಿದು ಮನೆಮನೆಗೆ ತಲುಪಿಸುವ ಅವಳಿಗೆ ಸ್ಕೂಟರೇ ಕೈಕಾಲು. ಅಂದು ಅವಳು ಸಾರಥ್ಯ ವಹಿಸಿ, ನಾನು ಬಟ್ಟೆಗಂಟಿನೊಡನೆ ಹಿಂದೆ ವಿರಾಜಮಾನನಾಗಿ ಸಾಗುತ್ತಿದ್ದಾಗ, ಸಿಮೆಂಟು ಹೊತ್ತ ಲಾರಿಯೊಂದು ಎಡಕ್ಕೆ ತಿರುಗುತ್ತ ಮದಗಜದಂತೆ ನಮ್ಮನ್ನು ಒತ್ತರಿಸಿತು. ಸ್ಕೂಟರಿನ ಮೂತಿ ಅಪ್ಪಚ್ಚಿಯಾಯಿತು. ನನ್ನ ಕುತ್ತಿಗೆ ಉಳುಕಿತು. ಅವಳಿಗೆ ದೇವರ ದಯೆಯಿಂದ ತರಚುಗಾಯವೂ ಆಗಲಿಲ್ಲ. ವೈದ್ಯರು ನನಗೆ ಕೊರಳಪಟ್ಟಿ ಬಿಗಿದು, ತಿಂಗಳವರೆಗೆ ತೆಗೆಯಕೂಡದೆಂದು ಅಪ್ಪಣೆಯಿತ್ತರು. ವಕೀಲನಾದ ನನ್ನ ಭಾವಮೈದುನ, ಸ್ಕೂಟರಿಗೊಂದು ಕುತ್ತಿಗೆಗೊಂದು ಎಂದು ಪರಿಹಾರಕ್ಕೆ ಎರಡು ಅರ್ಜಿ ಹಾಕಿದ.

ನೋವು ಬೇಗನೆ ಮಾಯವಾಯಿತು. ಲಾರಿಯ ವಿಮಾ ಕಂಪನಿಯ ತನಿಖಾಧಿಕಾರಿ ಬರುವ ದಿನ ಪಟ್ಟಿಯನ್ನು ಬಿಚ್ಚಿಡಹೋದೆ.

“ಹಾಕ್ಕೊಳ್ಳಿ ಅಂದ್ರೆ!”

“ನೋವೇ ಇಲ್ಲ ಕಣೇ. ದೇವರು ಮೆಚ್ತಾನಾ?”

“ನಾನೇನು ಸುಳ್ಳು ಹೇಳಿ ಅಂದ್ನಾ? ಕೇಳಿದ್ರೆ ನಿಜಾನೇ ಹೇಳಿ. ಡಾಕ್ಟ್ರು ಹೇಳಿದ ತಿಂಗಳು ಮುಗಿದಿಲ್ಲ, ಅಷ್ಟೇ. ನನ್ನ ಸ್ಕೂಟರ್ ಕೈಗೆ ಬರೋವರೆಗೆ ತೆಪ್ಪಗೆ ಕೂತಿರಿ.”

“ಮಾತೆಲ್ಲ ನಾನಾಡ್ತೀನಿ ಭಾವ. ನೀವು ಅಲ್ಲಾಡದೆ ಇದ್ರೆ ಸಾಕು,” ಎಂದ ವಕೀಲ.

ಅಧಿಕಾರಿಗಳು ಲಾರಿಯ ಚಾಲಕನನ್ನೂ ಜೊತೆಗೆ ಕರೆತಂದಿದ್ದರು. ಅವನು ನಮ್ಮ ಕುರ್ಚಿಯ ತುದಿಯಲ್ಲಿ ಕುಳಿತು ಗಂಟಲು ಸರಿಪಡಿಸಿಕೊಂಡ.

“ಸ್ವಾಮೀ, ನನ್ನ ಲಾರಿ ತಿರುಗೋದು ಅಂದ್ರೆ ತುಂಬು ಬಸುರಿ ಹೊಸಿಲು ದಾಟಿದ ಹಾಗೆ. ಒಂದು ಕಾಲು ಇಡ್ತಾಳೆ, ಸುತ್ತ ನೋಡ್ತಾಳೆ, ಉಸಿರು ಬಿಡ್ತಾಳೆ, ಆಮೇಲೆ ಇನ್ನೊಂದು ಕಾಲು.”

ಆಹಾ! ಪಟ್ಟಿಯೊಳಗೆ ಕೊರಳು ಕಂಪಿಸಿತು. ಮಡದಿ ಕಣ್ಣಲ್ಲೇ ಗದರಿದಳು.

“ನಾನೂ ಹಂಗೇ ಸುತ್ತ ನೋಡ್ದೆ. ಯಾರೂ ಇರ್ಲಿಲ್ಲ. ಆಗ ಈ ಅಕ್ಕನ ಸ್ಕೂಟರು, ಮದುವೆ ಮನೇಲಿ ಕಾಲಿಗೆ ಸಿಗೋ ಕೂಸಿನ ಹಾಗೆ, ಎಲ್ಲಿಂದ ಬಂತೋ, ಬಂದು ತೊಡರಿಕೊಂಡು ಬಿಡ್ತು!”

ಇಂತಹ ಉಪಮೆಯನ್ನು ಕೇಳಿಯೂ ಕಲ್ಲಿನಂತೆ ಕುಳಿತವನು ರಸಿಕನೆ? ಪಟ್ಟಿಯನ್ನು ಪರ್ರನೆ ಕಿತ್ತೆಸೆದು, ಕಣ್ಣು ಮುಚ್ಚಿ, ತೃಪ್ತಿಯಾಗುವಷ್ಟು ತಲೆದೂಗಿದೆ.

ಕಣ್ಣು ತೆರೆದಾಗ ಅಧಿಕಾರಿಗಳು ಪೆನ್ನು ಹಿಡಿದಿದ್ದರು. “ಕುತ್ತಿಗೆ ಚೆನ್ನಾಗೇ ಆಡ್ತಿದೆ ಸರ್. ಅಂದ್ರೆ ತಪ್ಪು ಸ್ಕೂಟರ್‌ದೇ ಅಂತ ನೀವೂ ಒಪ್ತೀರಿ?”

“ಅದು ಒಪ್ಪಿಗೆಯಲ್ಲ ಸ್ವಾಮಿ, ಮೆಚ್ಚುಗೆ!”

ಭಾವಮೈದುನ ಹಣೆ ಚಚ್ಚಿಕೊಂಡ. ಸ್ಕೂಟರಿನ ಪರಿಹಾರ ಕೈತಪ್ಪಿತೆಂದೇ ನಾನು ಕುಗ್ಗಿಹೋದೆ. ಆಗ ಮಡದಿ ಕುರ್ಚಿಯನ್ನು ಮುಂದೆಳೆದು ಕುಳಿತಳು.

“ಚೆನ್ನಾಗಿ ಹೇಳ್ದೆ ಕಣಪ್ಪ. ಸುತ್ತ ನೋಡ್ದೆ ಅಂದ್ಯಲ್ಲ, ಎಡಗಡೆ ಯಾವ ಕನ್ನಡೀಲಿ ನೋಡ್ದೆ? ಅದರ ಮೇಲೆ ನಿನ್ನ ಹಸಿರು ಟವೆಲ್ ಒಣಗ್ತಾ ಇತ್ತಲ್ಲ!”

ಚಾಲಕ ನಾಲಿಗೆ ಕಚ್ಚಿಕೊಂಡ. “ಬೆಳಿಗ್ಗೆ ಸ್ನಾನ ಮಾಡಿದ್ದೆ ಅಕ್ಕಾ... ಬಿಸಿಲು ಆ ಕಡೇನೇ ಇತ್ತು...” ಎಂದು ತಾನೇ ನಕ್ಕುಬಿಟ್ಟ.

ಏನು ವಾಕ್ಯ! ಏನು ಸಮಯಸ್ಫೂರ್ತಿ! ಅವಳ ಮಾತಿಗೆ ನಾನು ತೂಗಿದ ತಲೆ ಹಿಂದಿನದೆಲ್ಲವನ್ನೂ ಮೀರಿಸಿತು. ಕುತ್ತಿಗೆ ಲಟಕ್ಕೆಂದಿತು.

“ಅಯ್ಯಯ್ಯೋ, ಕುತ್ತಿಗೆ!”

“ಸಾಕು ಬಿಡಿ ಸರ್,” ಎಂದು ಅಧಿಕಾರಿಗಳು ನಗುತ್ತ ಸ್ಕೂಟರಿನ ಅರ್ಜಿಗೆ ಒಪ್ಪಿಗೆ ಬರೆದು, ಕುತ್ತಿಗೆಯದನ್ನು ಹೊಡೆದುಹಾಕಿದರು.

ಸ್ಕೂಟರಿಗೆ ಹೊಸ ಮೂತಿ ಬಂದಿದೆ. ನಾನು ಮತ್ತೆ ಕೊರಳಪಟ್ಟಿ ಧರಿಸಿ, ಬಟ್ಟೆಗಂಟನ್ನು ತಬ್ಬಿ ಹಿಂದೆ ಕೂರುತ್ತೇನೆ. ದಾರಿಯುದ್ದಕ್ಕೂ ಅವಳು ಮಾತಾಡುತ್ತಾಳೆ. ಅಭ್ಯಾಸಬಲದಿಂದ ನನ್ನ ಕೊರಳು ಹೊರಳಹೊರಟರೆ ಕನ್ನಡಿಯೊಳಗಿಂದಲೇ ಗದರುತ್ತಾಳೆ:

“ನೋಡ್ತಾ ಇದೀನಿ! ತಲೆ ಆಡಿಸ್ಬೇಡಿ. ‘ಹೌದು’ ಅಂತ ಬಾಯಲ್ಲಿ ಹೇಳಿ, ಜೋರಾಗಿ.”

“ಹೌದು!” ಎನ್ನುತ್ತೇನೆ, ಬೀದಿಗೆಲ್ಲ ಕೇಳುವಂತೆ.